ಗೋಡೆಯ ದಪ್ಪ

ಅಮಾವಾಸ್ಯೆಯ ದಿನ ನಮ್ಮ ಮನೆಯಲ್ಲಿ ಗರಗಸ ಆಡಿಸುವುದಿಲ್ಲ. ಉಳಿ, ಬಾಚಿ, ಗರಗಸ ಎಲ್ಲ ತೊಳೆದು, ಕುಂಕುಮ ಹಚ್ಚಿ ಕಾಳಮ್ಮನ ಫೋಟೋದ ಮುಂದಿಡುವುದು ಮಾವನವರ ಕಾಲದಿಂದ ಬಂದ ಪದ್ಧತಿ. ನಮ್ಮ ಯಜಮಾನರು ತೀರಿಕೊಂಡು ಎರಡು ವರ್ಷವಾದರೂ ನಾನದನ್ನು ಬಿಟ್ಟಿಲ್ಲ. ಆ ತಾಯಿ ನಮಗೆ ಮಾಡಿದ ಉಪಕಾರ ಅಂಥದ್ದು.

ಅವರು ಕಲಘಟಗಿ ಸೀಮೆಯಲ್ಲಿ ಹೆಂಚಿನ ಚಾವಣಿ ಕಟ್ಟುವ ಬಡಿಗರು. ನೆತ್ತಿಯ ತೊಲೆಯಿಂದ ಗೋಡೆಗೆ ಓರೆಯಾಗಿ ಇಳಿಯುವ ಜಂತಿ ಎಷ್ಟುದ್ದ ಬೇಕೆಂಬುದನ್ನು ನಮ್ಮ ಅಂಗಳದಲ್ಲೇ ಲೆಕ್ಕ ಹಾಕುತ್ತಿದ್ದರು. ಅಡಿಗೆ ಒಂದು ಇಂಚಿನಂತೆ ಸೀಮೆಸುಣ್ಣದಲ್ಲಿ ಮನೆಯ ಅರ್ಧ ಅಗಲವನ್ನು ಅಡ್ಡಕ್ಕೆ, ನೆತ್ತಿಯ ಎತ್ತರವನ್ನು ಮೇಲಕ್ಕೆ ಎಳೆಯುವುದು. ಎರಡರ ತುದಿ ಕೂಡಿಸಿದ ಓರೆ ಗೆರೆಯೇ ಜಂತಿಯ ಉದ್ದ. ಗೋಡೆಯಾಚೆ ಚಾಚುವ ಸೂರಿಗೆಂದು ಮತ್ತೆ ಒಂದೂವರೆ ಅಡಿ ಸೇರಿಸಬೇಕು. ಟೇಪಿನ ಇನ್ನೊಂದು ತುದಿ ಹಿಡಿಯುವುದು ನನ್ನ ಪಾಲಿಗೆ. ಒಲೆ ಮುಂದಿನಿಂದ ಎದ್ದು ಬಂದು ಬಂದು ನನಗೂ ಅದು ರೂಢಿಯಾಯಿತು.

"ಆರು, ಎಂಟು ಆದ್ರ ಓರೆ ಎಷ್ಟ ಬೇ?" ಎಂದು ಕೇಳುವರು.

"ಹತ್ತರೀ."

"ಶಾಣ್ಯಾಕಿ ಅದಿ. ನಾಳಿಂದ ನೀನ ಕೆಲಸಕ್ಕ ಹೋಗು, ನಾ ರೊಟ್ಟಿ ಬಡೀತೀನಿ."

"ನೀವು ಬಡದ ರೊಟ್ಟಿ ಹೆಂಚಿನ ಬದಲಿ ಹೊದಸಾಕ ಬರ್ತಾವ ನೋಡ್ರಿ."

ಆಮೇಲೆ ಅವರಿಗೆ ಲಕ್ವಾ ಹೊಡೆಯಿತು. ದೇವರು ದೊಡ್ಡವನು, ಕೈ ತಿರುಗಿ ಬಂತು, ಮಾತೂ ಬಂತು. ಕೆಲಸಕ್ಕೆ ಕರೆಯುವವರು ಮಾತ್ರ ಬರಲಿಲ್ಲ. ಒಂಬತ್ತು ತಿಂಗಳು ಅವರು ದಿನಾ ಬೆಳಿಗ್ಗೆ ಗರಗಸಕ್ಕೆ ಎಣ್ಣೆ ಹಚ್ಚಿ ಮೊಳೆಗೆ ತೂಗುಹಾಕಿ ಕೂಡುತ್ತಿದ್ದರು. ಕಡೆಗೆ ಮಿಶ್ರಿಕೋಟಿಯ ಪರಿಚಯದವರೊಬ್ಬರು ಬಂದರು. ಹಿತ್ತಿಲ ಕೋಣೆಯ ಚಾವಣಿ ಹೊಸದಾಗಿ ಕಟ್ಟಬೇಕು, ಹಳೇ ಮನೆಯ ಸಾಗುವಾನಿ ಇದೆ. "ಕಾಕಾ, ಆ ಕಟಗಿ ಬ್ಯಾರೆಯವ್ರ ಕೈಗೆ ಕೊಡಾಂವಲ್ಲ ನಾ," ಎಂದರು. ಅವತ್ತು ಯಜಮಾನರು ಒಂದು ರೊಟ್ಟಿ ಹೆಚ್ಚಿಗೆ ಉಂಡರು.

ಅಳತೆ ತಂದರು. ಕಟ್ಟಿಗೆ ನಮ್ಮ ಅಂಗಳಕ್ಕೇ ಬಂತು. ಇಪ್ಪತ್ತೆರಡು ಜಂತಿಗಳಲ್ಲಿ ಎರಡನ್ನು ಕೊಯ್ಯುವಷ್ಟರಲ್ಲಿ ಹೊತ್ತು ಇಳಿಯಿತು. ಮರುದಿನ ಅಮಾವಾಸ್ಯೆ.

ಬೆಳಿಗ್ಗೆ ಅವರು ಜಳಕಕ್ಕೆ ಹೋದಾಗ ನಾನು ಸಾಮಾನು ತೊಳೆಯಲು ಎತ್ತಿಕೊಂಡೆ. ಅಳತೆಯ ಚೀಟಿ ಅಲ್ಲೇ ಇತ್ತು. ಅಗಲ ಹದಿಮೂರು, ಎತ್ತರ ಆರು. ಹದಿಮೂರೇ? ಆ ಮನೆ ನಾನು ಕಂಡದ್ದು. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಅದರ ಕಿಟಕಿಯೊಳಗೆ ಕಾಲು ಮಡಚಿ ಕೂತಿದ್ದೇನೆ. ಹದಿಮೂರು ಅಂದರೆ ಒಳಗಿನ ಅಗಲ. ಜಂತಿ ಗೋಡೆಯನ್ನೂ ದಾಟಬೇಕಲ್ಲ? ತುಳಸಿಯ ಮುಂದೆ ರಂಗೋಲಿಯಲ್ಲೇ ಗೆರೆ ಎಳೆದು ನೋಡಿದೆ. ಎರಡೂ ಗೋಡೆ ಸೇರಿಸಿದರೆ ಹದಿನಾರು, ಅದರರ್ಧ ಎಂಟು. ಎಂಟಕ್ಕೆ, ಆರಕ್ಕೆ ಹತ್ತು. ಅವರ ಲೆಕ್ಕದಲ್ಲಿ ಬಂದದ್ದು ಎಂಟಡಿ ಹತ್ತಿಂಚು. ಕೊಯ್ದ ಎರಡೂ ಒಂದಡಿ ಎರಡಿಂಚು ಗಿಡ್ಡ.

ನಲವತ್ತು ವರ್ಷ ಗೋಡೆಯ ದಪ್ಪ ಮರೆಯದವರು ಮರೆತಿದ್ದರು. ಹೇಳದಿದ್ದರೆ ಮಿಶ್ರಿಕೋಟಿಯವರ ಮುಂದೆ ಮಾನ ಹೋಗುತ್ತದೆ. ಹೇಳಿದರೆ ಯಜಮಾನರ ಜೀವಕ್ಕೆ ಹತ್ತುತ್ತದೆ. ಊದಿನಕಡ್ಡಿ ಹಚ್ಚಿ ಕೈಮುಗಿದೆ. ಅಷ್ಟರಲ್ಲಿ ಅವರು ತಲೆ ಒರೆಸುತ್ತ ಬಂದರು.

"ಅಲ್ರೀ, ಆ ಮನಿ ಗ್ವಾಡಿ ಎಷ್ಟ ದಪ್ಪ ಅದಾವ?"

"ಒಂದೂವರಿ ಅಡಿ. ಯಾಕ?"

ನಾನು ರಂಗೋಲಿಯ ಪಕ್ಕಕ್ಕೆ ಸರಿದೆ. ಅವರು ರಂಗೋಲಿ ನೋಡಿದರು, ನನ್ನ ಕೈಯಲ್ಲಿದ್ದ ಚೀಟಿ ನೋಡಿದರು. ಮೆಲ್ಲಗೆ ಕಟ್ಟೆಯ ಮೇಲೆ ಕೂತು ಬೆರಳು ಮಡಚಿ ಎಣಿಸಿದರು. ಮತ್ತೊಮ್ಮೆ ಎಣಿಸಿದರು.

"ಎರಡ ಕೊಯ್ದುಬಿಟ್ಟೇನಿ," ಎಂದರು.

"ಎರಡ ಅಲ್ಲೇನ್ರಿ. ಇಪ್ಪತ್ತು ಉಳದಾವ."

"ಇವತ್ತ ಅಮಾಸಿ ಇರಲಿಲ್ಲಂದ್ರ?"

"ಇತ್ತಲ್ರಿ."

ಅವರ ಕಣ್ಣಲ್ಲಿ ನೀರು ಬಂದದ್ದನ್ನು ಮದುವೆಯಾದ ಮೇಲೆ ಅವತ್ತೇ ನಾನು ನೋಡಿದ್ದು.

ನಮ್ಮ ದೇವರ ಮನೆಯ ಬಾಗಿಲಿಗೆಂದು ಎರಡು ಸಾಗುವಾನಿ ಅಟ್ಟದ ಮೇಲಿದ್ದವು. ಗಿಡ್ಡವಾದವುಗಳ ಬದಲಿಗೆ ಅವನ್ನು ಕೊಟ್ಟರು. ಮಿಶ್ರಿಕೋಟಿಯವರಿಗೆ ಆದದ್ದನ್ನು ಮುಚ್ಚಿಡದೆ ತಾವೇ ಹೇಳಿದರು. ಅವರು ಒಳ್ಳೆಯವರು, "ಆಗ್ಲಿ ತಗೋರಿ ಕಾಕಾ," ಎಂದಷ್ಟೇ ಅಂದರು. ಉಳಿದ ಇಪ್ಪತ್ತಕ್ಕೂ "ನೀ ಅಳತಿ ಹೇಳು, ನಾ ಕೊಯ್ತೀನಿ," ಎಂದರು ಯಜಮಾನರು ನನಗೆ. ನಾನು ಹೇಳಿದೆ, ಅವರು ಕೊಯ್ದರು. ನಗೆಮಾತು ಮಾತ್ರ ಒಂದೂ ಬರಲಿಲ್ಲ. ಚಾವಣಿ ಚೆನ್ನಾಗಿ ಕೂತಿತು. ಆಮೇಲೆ ಇಬ್ಬರು ಕರೆಯಲು ಬಂದರೂ ಅವರು ಹೋಗಲಿಲ್ಲ. ನಾಲ್ಕು ತಿಂಗಳಿಗೆ ಎರಡನೇ ಸಲ ಲಕ್ವಾ ಹೊಡೆಯಿತು. ಬಹಳ ನರಳಲಿಲ್ಲ, ಅದೂ ದೇವರ ದಯೆ.

ಗಿಡ್ಡವಾದ ಎರಡರಲ್ಲಿ ನಮ್ಮ ದೇವರ ಮನೆಯ ಚೌಕಟ್ಟು ಮಾಡಿ ಹೋಗಿದ್ದಾರೆ. ಬಲಗಡೆಯ ನಿಲುವಿನ ಮೇಲೆ ಅವರ ಕೈಯ ಪೆನ್ಸಿಲ್ ಗುರುತು ಇನ್ನೂ ಇದೆ: ಹತ್ತಡಿ ನಾಲ್ಕಿಂಚು, ಸೂರು ಸೇರಿಸಿದ ತಪ್ಪು ಅಳತೆ. ಅಮಾವಾಸ್ಯೆಗೆ ಚೌಕಟ್ಟು ಒರೆಸುವಾಗ ಅಲ್ಲಿಗೆ ಒದ್ದೆ ಬಟ್ಟೆ ತಾಗಿಸುವುದಿಲ್ಲ.