ಗಪ್‌ಚಿಪ್‌ನ ನಾಲಿಗೆ

ಗಿರಾಕಿಯ ತಲೆ ತಿನ್ನದ ಕ್ಷೌರಿಕ ಲೋಕದಲ್ಲಿ ಯಾರಾದರೂ ಇದ್ದರೆ ಅವನೊಬ್ಬನೇ ಎಂದು ಬೀದಿಯವರು ತಮಾಷೆ ಮಾಡುತ್ತಿದ್ದರು. ಅಣ್ಣನ ಕಟಿಂಗ್ ಶಾಪಿನಲ್ಲಿ ಎರಡನೇ ಕುರ್ಚಿ ಅವನದು. ಜನ ಇಟ್ಟ ಹೆಸರು ಗಪ್‌ಚಿಪ್. ಹರೆಯದಲ್ಲಿ ಅವನ ಕಿವಿಯೊಳಗೆ ಯಾರ್ಯಾರೋ ಬೈಯುತ್ತಿದ್ದರು. ಮಾತ್ರೆ ಶುರುವಾದ ಮೇಲೆ ಆ ದನಿಗಳು ಅಡಗಿದವು, ಕತ್ತರಿ ಕೈಗೆ ಒಗ್ಗಿತು. ಅಣ್ಣನಿಗೆ ಅಷ್ಟು ಸಾಕಾಗಿತ್ತು.

ವರ್ಷಗಳು ಕಳೆದ ಮೇಲೆ ಅವನ ನಾಲಿಗೆ ತಾನಾಗಿಯೇ ಹೊರಗೆ ಇಣುಕತೊಡಗಿತು. ಬೇರೆ ಕೆಲಸವಾಗಿದ್ದರೆ ಹೇಗೋ ನಡೆಯುತ್ತಿತ್ತು. ಇಲ್ಲಿ ಗಿರಾಕಿಯ ಕಣ್ಣೆದುರೇ ಗೋಡೆಯಗಲದ ಕನ್ನಡಿ! ಒಂದು ದಿನ ಬ್ಯಾಂಕಿನ ಗುಮಾಸ್ತ ದಢಕ್ಕನೆ ಎದ್ದ.

"ಇರೋ ನಾಲ್ಕು ಕೂದಲಿಗೂ ಅಣಕಿಸ್ತಾನಲ್ರೀ ನಿಮ್ಮ ತಮ್ಮ!"

ಹಳೇ ಕಾಯಿಲೆ ಮರುಕಳಿಸಿತೆಂದು ಹೆದರಿದ ಅಣ್ಣ, ಯಾರನ್ನೂ ಕೇಳದೆ ದಿನಾ ಅರ್ಧ ಮಾತ್ರೆ ಹೆಚ್ಚಿಗೆ ಕೊಟ್ಟ. ನಾಲಿಗೆ ಸುಮ್ಮನಾಯಿತು. ಕೆಲವು ತಿಂಗಳಲ್ಲೇ ಇಮ್ಮಡಿಯಾಗಿ ಮರಳಿದಾಗ ಅಣ್ಣ ಅವನನ್ನು ಆಸ್ಪತ್ರೆಗೆ ಕರೆದೊಯ್ದ.

"ಇದು ಹಳೇ ಕಾಯಿಲೆ ಅಲ್ಲ, ಮಾತ್ರೆಯಿಂದಲೇ ಬಂದಿದ್ದು," ಎಂದರು ಡಾಕ್ಟರಮ್ಮ. "ಹೆಚ್ಚಿಗೆ ಕೊಟ್ರೆ ಸ್ವಲ್ಪ ದಿನ ಅಡಗಿರುತ್ತೆ, ಅಷ್ಟೆ."

"ಹಾಗಾದ್ರೆ ನಿಲ್ಲಿಸಿಬಿಡೋಣ ಮೇಡಂ."

"ಒಮ್ಮೆಗೇ ನಿಲ್ಲಿಸಿದ್ರೆ ದನಿಗಳು ವಾಪಸ್ ಬರಬಹುದು, ನಾಲಿಗೆಯೂ ಇನ್ನೂ ಹೆಚ್ಚು ಆಡಬಹುದು. ನಿಧಾನವಾಗಿ ಬೇರೆ ಮಾತ್ರೆಗೆ ಬದಲಾಯಿಸೋಣ. ನಾಲಿಗೆಗೂ ಒಂದು ಔಷಧ ಕೊಡ್ತೀನಿ. ಕಮ್ಮಿಯಾಗಬಹುದು. ಪೂರ್ತಿ ಹೋಗುತ್ತೆ ಅಂತ ಮಾತು ಕೊಡಲಾರೆ."

ಅತ್ತ ದರಿ, ಇತ್ತ ಪುಲಿ. ಅರ್ಧ ಮಾತ್ರೆ ಮುರಿದುಕೊಟ್ಟ ತನ್ನ ಕೈಯನ್ನೇ ಶಪಿಸುತ್ತಾ ಅಣ್ಣ ಮನೆಗೆ ಬಂದ.

ಹೊಸ ಔಷಧಕ್ಕೆ ನಾಲಿಗೆ ಕೊಂಚ ತಗ್ಗಿತು, ಕನ್ನಡಿಯ ಮುಂದೆ ನಿಲ್ಲುವಷ್ಟಲ್ಲ. ಅಣ್ಣ ಮಾಸ್ಕ್ ತಂದುಕೊಟ್ಟ. ಅದರೊಳಗೂ ಏನೋ ಹೊರಳಾಡುವುದು ಕಾಣುತ್ತಿತ್ತು. ಎರಡನೇ ಕುರ್ಚಿ ಖಾಲಿಯಿದ್ದರೂ ಗಿರಾಕಿಗಳು ಬೆಂಚಿನ ಮೇಲೆ ಪೇಪರ್ ಓದುತ್ತಾ ಅಣ್ಣನಿಗಾಗಿ ಕಾದರು.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಒರೆಸಿದ ಕುರ್ಚಿಯನ್ನೇ ಮತ್ತೆ ಒರೆಸುತ್ತಿದ್ದ ಗಪ್‌ಚಿಪ್ ತಾನಾಗಿಯೇ ಬಾಯಿಬಿಟ್ಟ.

"ಆ ದನಿಗಳೇ ವಾಸಿ ಇದ್ವು ಕಣಣ್ಣಾ."

"ಬಿಡ್ತು ಅನ್ನೋ! ಯಾಕೋ ಹಾಗಂತೀಯ?"

"ಅವು ನನಗೊಬ್ಬನಿಗೇ ಕೇಳಿಸ್ತಿದ್ವು. ಇದು ಎಲ್ಲರಿಗೂ ಕಾಣುತ್ತೆ."

ಅಣ್ಣ ಎರಡನೇ ಕುರ್ಚಿಯಲ್ಲಿ ತಾನೇ ಹೋಗಿ ಕುಳಿತು, ಗಡ್ಡ ಮಾಡೆಂದು ಕತ್ತು ಚಾಚಿದ. ತಮ್ಮ ಮಾಸ್ಕ್ ತೆಗೆದಿಟ್ಟು ನೊರೆ ಹಚ್ಚಿದ, ಕತ್ತಿ ಹಿಡಿದ. ಆ ಕೈ ಒಂದಿಷ್ಟೂ ನಡುಗಲಿಲ್ಲ. ಅಣ್ಣ ಕನ್ನಡಿಯತ್ತ ಒಮ್ಮೆ ನೋಡಿದ. ಮತ್ತೆ ನೋಡಲಾಗದೆ ಕಣ್ಣು ಮುಚ್ಚಿಕೊಂಡ.