ಇಸ್ಫಹಾನಿನಲ್ಲಿ ಮೂರನೆಯ ಸುತ್ತು

ಮುಂಬೈ ಪಕ್ಕದ ನಮ್ಮ ಡೊಂಬಿವಲಿಯ ಮಂದಿ ಪರದೇಶ ನೋಡಲು ಹೊರಟರೆ ಅಡುಗೆಯವರನ್ನೂ ವಿಮಾನ ಹತ್ತಿಸುತ್ತಿದ್ದ ಕಾಲ ಅದು. ಎಲ್ಲಿಗೇ ಹೋಗಲಿ, ಬೆಳಿಗ್ಗೆ ಪೋಹೆ, ಮಧ್ಯಾಹ್ನ ಪೂರಿ ಭಾಜಿ, ಸಂಜೆ ನಾಲ್ಕಕ್ಕೆ ಸರಿಯಾಗಿ ಶುಂಠಿ ಚಹಾ ಸಿಗದಿದ್ದರೆ ಅವರಿಗೆ ಪ್ರವಾಸವೇ ದಂಡ. ಠಾಣೆಯ ಒಂದು ಟೂರ್ ಕಂಪನಿಯಲ್ಲಿ ನನ್ನ ಅಪ್ಪಯ್ಯ ಅಂಥ ಅಡುಗೆಯವರಾಗಿದ್ದರು. ಕುಂದಾಪುರದ ಗಂಡಸು ಮಾಡಿದ ಕಡಲೆಹಿಟ್ಟಿನ ಪಿಠಲೆಯನ್ನು ಮರಾಠಿ ಅಜ್ಜಿಯರು ಬೆರಳು ಚೀಪಿ ತಿನ್ನುತ್ತಿದ್ದರು.

ಇರಾನಿಗೆ ಅಪ್ಪಯ್ಯ ಆಗಲೇ ಆರು ಸಲ ಹೋಗಿದ್ದರು. ಆದರೆ ಜನ ಊರು ನೋಡಲು ಹೊರಟಾಗ ಅಡುಗೆಯವನು ಪಾತ್ರೆ ತೊಳೆಯಬೇಕು, ಅವರು ಹಸಿದು ಬರುವ ಹೊತ್ತಿಗೆ ಒಲೆ ಉರಿಯುತ್ತಿರಬೇಕು. ಆರು ಸಲದಲ್ಲಿ ಅವರು ಕಂಡದ್ದು ಹೋಟೆಲುಗಳ ಹಿಂಬಾಗಿಲು, ತರಕಾರಿ ಅಂಗಡಿ, ಅಷ್ಟೇ. ಇಸ್ಫಹಾನಿನ ದೊಡ್ಡ ಚೌಕವನ್ನು ಒಮ್ಮೆಯಾದರೂ ಕಣ್ಣಾರೆ ಕಾಣಬೇಕೆಂಬ ಆಸೆಯನ್ನು ಮನೆಯಲ್ಲಿ ಎಷ್ಟು ಸಲ ಹೇಳಿದ್ದರೋ ಲೆಕ್ಕವಿಲ್ಲ.

ನಾನು ಆರನೇ ಕ್ಲಾಸು ಮುಗಿಸಿದ ಮೇ ರಜೆಯಲ್ಲಿ ಮಾಲೀಕರು ಏನನ್ನಿಸಿತೋ, “ಈ ಸಲ ಪೋರಿಯನ್ನೂ ಕರಕೊಂಡು ಹೋಗಿ” ಎಂದುಬಿಟ್ಟರು. ಅಮ್ಮನ ಹಸಿರು ದುಪಟ್ಟಾವನ್ನು ತಲೆಗೆ ಸುತ್ತಿಕೊಂಡು, ಇಪ್ಪತ್ತೆರಡು ಮಂದಿ ನಿವೃತ್ತರ ನಡುವೆ ನಾನೂ ದೊಡ್ಡ ಮನುಷ್ಯಳ ಹಾಗೆ ಇರಾನಿನಲ್ಲಿ ಇಳಿದೆ.

ಇಸ್ಫಹಾನಿಗೆ ನಮಗಿದ್ದದ್ದು ಒಂದೇ ದಿನ. ನಮ್ಮ ಗೈಡ್ ಶೀರೀನ್ ಎಂಬ ಹೆಂಗಸು. ಕೆಂಪು ಕೊಡೆಯನ್ನು ಎತ್ತಿ ಹಿಡಿದು ಮುಂದೆ ನಡೆಯುತ್ತಿದ್ದಳು, ಅವಳ ಹಿಂದೆ ನಾವು ಕೋಳಿಮರಿಗಳು. ಬೆಳಿಗ್ಗೆ ಬಸ್ಸು ಹತ್ತುವಾಗ ಅಪ್ಪಯ್ಯ, ಶೀರೀನ್, ನಾನು ಮೂವರೂ ಸೇರಿ ಒಂದು ಒಪ್ಪಂದ ಮಾಡಿಕೊಂಡೆವು. ಚೌಕದ ಹಿಂದಿನ ಓಣಿಯಲ್ಲಿ, ಬಸ್ಸಿನ ಪಕ್ಕ, ನಾಲ್ಕಕ್ಕೆ ಚಹಾ. ಎಲ್ಲರೂ ಚಹಾ ಕುಡಿಯುವ ಅರ್ಧ ಗಂಟೆ ಒಲೆ ಮತ್ತು ಕಪ್ಪುಗಳನ್ನು ನಾನು ನೋಡಿಕೊಳ್ಳಬೇಕು. ಅಷ್ಟರಲ್ಲಿ ಶೀರೀನ್ ಅಪ್ಪಯ್ಯನಿಗೆ ಚೌಕ ತೋರಿಸಿಕೊಂಡು ಬರುತ್ತಾಳೆ.

“ಮರೂಕಾಗ ಕಾಣ್, ನಾಲ್ಕ್ ಗಂಟಿ” ಎಂದು ಅಪ್ಪಯ್ಯ ಮರೆಯದಂತೆ ಎಚ್ಚರಿಸಿದರು.

“ಹೋ ಅಪ್ಪಯ್ಯ, ಮಾಹೀತ್ ಆಹೆ!” ಎಂದೆ ನಾನು. ಗೊತ್ತಿದೆ ಬಿಡಿ ಎನ್ನುವ ಸೊಕ್ಕು ಅದು. ಮನೆಯಲ್ಲಿ ಕನ್ನಡ ಕೇಳಿಸಿಕೊಂಡು ಮರಾಠಿಯಲ್ಲಿ ಉತ್ತರಿಸುವುದು ನಮ್ಮ ಬಿಲ್ಡಿಂಗಿನ ಮಕ್ಕಳೆಲ್ಲರ ಚಾಳಿ.

ಚೌಕದ ಸುತ್ತಲಿನ ಮಸೀದಿಗಳನ್ನು, ಅರಮನೆಯನ್ನು ದಿನವಿಡೀ ಶೀರೀನ್ ತೋರಿಸಿದಳು, ನಾವು ಕತ್ತೆತ್ತಿ ನೋಡಿದೆವು. ಮೂರೂವರೆಗೆ ಎಲ್ಲರಿಗೂ ಬಿಡುವು ಕೊಟ್ಟಳು. ಗುಂಪಿನಲ್ಲಿದ್ದ ಡೊಂಬಿವಲಿ ಪೂರ್ವದ ಜೋಶಿ ಕಾಕು ಎಂಬ ಅಜ್ಜಿಗೆ ನನ್ನ ಮೇಲೆ ಬಹಳ ಪ್ರೀತಿ. ಕೇಸರಿ, ಗುಲಾಬಿ ನೀರು ಹಾಕಿದ ಹಳದಿ ಐಸ್‌ಕ್ರೀಮ್ ಕೊಡಿಸಿ, ಚೌಕದ ಸುತ್ತ ಓಡುವ ಕುದುರೆ ಗಾಡಿ ಹತ್ತಿಸಿದರು. ಕುದುರೆಯ ಬೆವರಿನ ವಾಸನೆ, ಗೆಜ್ಜೆಯ ಸದ್ದು, ಬಾಯೊಳಗೆ ಗುಲಾಬಿಯ ಪರಿಮಳ. ನನ್ನಂಥ ರಾಣಿ ಇನ್ನೊಬ್ಬಳಿರಲಿಲ್ಲ.

ಎರಡನೆಯ ಸುತ್ತು ಮುಗಿಯುವಾಗ ಕಾಕುವಿನ ಕೈಗಡಿಯಾರದಲ್ಲಿ ನಾಲ್ಕಕ್ಕೆ ಐದು ನಿಮಿಷವಿತ್ತು. ನಾನು ನೋಡಿದೆ. ಮರೆತೆ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದದ್ದು ಸುಳ್ಳು.

“ಆಣಖೀ ಏಕ್?” ಕಾಕು ಕೇಳಿದರು, ಇನ್ನೊಂದು ಸುತ್ತು ಬೇಕಾ ಎಂದು. “ಚಹಾ ಕಾಯ್, ರೋಜಚಾಚ್.”

ಚಹಾ ದಿನಾ ಇದ್ದದ್ದೇ, ನಿಜ. ನಾನು ಹೂಂ ಎಂದೆ.

ಗಾಡಿಯವನು ನಡುವೆ ಕುದುರೆಗೆ ನೀರು ಕುಡಿಸಲು ನಿಂತ. ಓಣಿಗೆ ಓಡಿ ಬಂದಾಗ ನಾಲ್ಕೂವರೆ ದಾಟಿತ್ತು, ಜನ ಬಸ್ಸು ಹತ್ತುತ್ತಿದ್ದರು. ಅಪ್ಪಯ್ಯ ಎರಡು ಕಾಲಿನ ನಡುವೆ ಬಕೆಟ್ಟಿಟ್ಟುಕೊಂಡು ಕಪ್ಪು ತೊಳೆಯುತ್ತಿದ್ದರು. ತಲೆ ಬಾಚಿಕೊಂಡಿದ್ದರು. ಮದುವೆ ಮುಂಜಿಗೆ ಮಾತ್ರ ಹಾಕುತ್ತಿದ್ದ ಬಿಳಿ ಶರ್ಟನ್ನು ಇಸ್ತ್ರಿ ಮಾಡಿಸಿ ಡೊಂಬಿವಲಿಯಿಂದ ತಂದಿದ್ದರು, ಅದನ್ನು ಹಾಕಿಕೊಂಡು, ಅದರ ಮೇಲೇ ಏಪ್ರನ್ ಕಟ್ಟಿದ್ದರು. ಶೀರೀನ್ ನನ್ನನ್ನು ನೋಡಿ ಕೊಡೆ ಮಡಚಿ ಬಸ್ಸು ಹತ್ತಿದಳು.

ನಾನು ಅಳತೊಡಗಿದೆ.

“ಎಂತಕ್ ಮರ್ಕುದ್? ಚೌಕ ಎಲ್ಲೂ ಓಡಿ ಹೋತಿಲ್ಲೆ. ಬಪ್ಪು ವರ್ಷ ಕಾಂಬ” ಎಂದರು ಅಪ್ಪಯ್ಯ. ಬೈದಿದ್ದರೆ ಚೆನ್ನಾಗಿತ್ತು.

ಆ ಸಂಜೆ ಹೋಟೆಲಿನ ಅಡುಗೆಮನೆಯಲ್ಲಿ ಅವರು ಬಟಾಟೆ ಸುಲಿಯುತ್ತ ನನ್ನಿಂದ ಎಲ್ಲ ಹೇಳಿಸಿದರು. ಚೌಕದ ಬಾಗಿಲಿನಿಂದ ಶುರು ಮಾಡು ಎಂದರು. ಬಲಕ್ಕೆ ಎಂತ, ಎಡಕ್ಕೆ ಎಂತ, ತಲೆ ಎತ್ತಿದರೆ ಎಂತ. ನಾನು ಹೇಳಿದೆ, ಅವರು ಚಾಕು ನಿಲ್ಲಿಸಿ ಕೇಳಿದರು.

ಮರುವರ್ಷ ಕಂಪನಿ ಇರಾನಿನ ಟೂರನ್ನೇ ನಿಲ್ಲಿಸಿತು. ಅಪ್ಪಯ್ಯ ಮತ್ತೆ ಅಲ್ಲಿಗೆ ಹೋಗಲಿಲ್ಲ. ಆದರೆ ಮನೆಗೆ ನೆಂಟರು ಬಂದಾಗಲೆಲ್ಲ ಇಸ್ಫಹಾನಿನ ಮಾತು ಬರುತ್ತಿತ್ತು. ಗುಮ್ಮಟದ ಕೆಳಗೆ ನಿಂತು ಚಪ್ಪಾಳೆ ತಟ್ಟಿದರೆ ಅದು ಮೇಲಿನಿಂದ ಎಷ್ಟು ಸಲ ತಿರುಗಿ ಬರುತ್ತದೆ, ಅರಮನೆಯ ಮಹಡಿಯ ಗೋಡೆಯಲ್ಲಿ ಹೂಜಿ, ಕುಡಿಕೆಗಳ ಆಕಾರದಲ್ಲಿ ಹೇಗೆ ಗೂಡು ಕೊರೆದಿದ್ದಾರೆ, ಇನ್ನೊಂದು ಗುಮ್ಮಟದ ಒಳಗೆ ಬಿಸಿಲು ಬಿದ್ದರೆ ನವಿಲಿನ ಬಾಲ ಹೇಗೆ ಮೂಡುತ್ತದೆ ಎಂದು ಕೈಯಾಡಿಸಿ ವರ್ಣಿಸುತ್ತಿದ್ದರು. ನೋಡಿಲ್ಲ ಎಂದು ಒಮ್ಮೆಯೂ ಬಾಯಿಬಿಡಲಿಲ್ಲ. ನನ್ನ ಮರ್ಯಾದೆ ಕಾಯಲೆಂದೇ ಹಾಗೆ ಮಾಡುತ್ತಿದ್ದರೆಂದು ನನಗೆ ಗೊತ್ತಿತ್ತು. ನಾಚಿಕೆಯಿಂದ ಒಳಗೆ ಹೋಗಿಬಿಡುತ್ತಿದ್ದೆ.

ಈಗ ನಮ್ಮ ಜನ ಪರದೇಶಕ್ಕೆ ಅಡುಗೆಯವರನ್ನು ಒಯ್ಯುವುದಿಲ್ಲ. ಎಲ್ಲಿಗೆ ಹೋದರೂ ಫೋನಿನಲ್ಲಿ ಊಟ ತರಿಸುತ್ತಾರೆ. ಅಪ್ಪಯ್ಯ ತೀರಿಕೊಂಡು ಎರಡು ವರ್ಷವಾಯಿತು. ಮೊನ್ನೆ ಮಗ ಶಾಲೆಯ ಪುಸ್ತಕದಲ್ಲಿ ಒಂದು ನೀಲಿ ಗುಮ್ಮಟ ನೋಡಿ, “ಆಯೀ, ಅಜ್ಜ ಹೇಳ್ತಿದ್ದದ್ದು ಇದೇ ನಾ? ತೂ ಪಣ್ ಗೇಲೀ ಹೋತೀಸ್ ನಾ, ನೀನೂ ಹೋಗಿದ್ದೆಯಲ್ಲ, ನೀನು ಹೇಳು” ಎಂದು ಗಂಟುಬಿದ್ದ. ಹೇಳಲು ಕೂತೆ. ನವಿಲಿನ ಬಾಲ ನನಗೆ ನೆನಪಿಲ್ಲ. ಗೋಡೆಯ ಹೂಜಿಗಳೂ ಇಲ್ಲ, ಚಪ್ಪಾಳೆಯೂ ಇಲ್ಲ. ಕಣ್ಣು ಮುಚ್ಚಿದರೆ ಓಣಿ, ಬಕೆಟ್ಟು, ಬಿಳಿ ಶರ್ಟು, ಅಷ್ಟೇ. ನಮ್ಮ ಮನೆಯಲ್ಲಿ ಇಸ್ಫಹಾನ್ ಕಂಡವರೆಂದರೆ ಅಪ್ಪಯ್ಯ ಒಬ್ಬರೇ. ಅವರೂ ಈಗಿಲ್ಲ.