ಕೆಂಪಮ್ಮನ ಉಣ್ಣೆಗೆ ನಾನು ತಂದ ಹೆಸರು

ಕೆಂಪಮ್ಮನ ಉಣ್ಣೆಯಲ್ಲಿ ಯಾವ ದೋಷವೂ ಇರಲಿಲ್ಲ. ಮದುವೆಯ ಹಸೆ ಪದರ ಬಿಟ್ಟುಕೊಂಡದ್ದು ನನ್ನಿಂದ. ಅದರೊಳಗೆ ನನ್ನ ಹಳೆಯ ದಿಂಬಿನ ಹೂರಣವಿತ್ತು. ಅದನ್ನು ತುಂಬಿದವನು ನಾನು, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡವನು ನಾನು, ಆ ಹೆಂಗಸಿನ ಹೆಸರು ಕೆಡುತ್ತಿದ್ದಾಗ ಗಂಭೀರವಾಗಿ ಕನ್ನಡಕ ಒರೆಸುತ್ತ ಕೂತಿದ್ದವನೂ ನಾನೇ.

ಇಷ್ಟು ಬರೆಯುವುದಕ್ಕೇ ವರ್ಷಗಳು ಹಿಡಿದವು. ಉಳಿದದ್ದನ್ನೂ ಹೇಳಿಬಿಡುತ್ತೇನೆ, ಇದನ್ನು ಹೊತ್ತು ತಿರುಗಲು ಇನ್ನು ನನ್ನ ಕೈಲಾಗದು.

ದೊಡ್ಡಬಳ್ಳಾಪುರದ ಕಡೆಯ ಮಧುರೆಯ ಹತ್ತಿರದ ನಮ್ಮೂರಿನ ಸಮುದಾಯ ಭವನದಲ್ಲಿ ಶನಿವಾರ ಮಧ್ಯಾಹ್ನ ಉಣ್ಣೆಯ ಗುಂಪು ಸೇರುತ್ತದೆ. ಮಗ್ಗವಿಲ್ಲ, ನೂಲಿಲ್ಲ. ಉಣ್ಣೆಯನ್ನು ಹಿಂಜಿ, ಪದರ ಪದರವಾಗಿ ಹಾಸಿ, ಬಿಸಿ ಸೋಪಿನ ನೀರು ಚಿಮುಕಿಸಿ, ಚಾಪೆಯಲ್ಲಿ ಸುತ್ತಿ ಉರುಳಿಸುತ್ತ ಹೋಗಬೇಕು. ಎಳೆಗಳು ಒಂದನ್ನೊಂದು ಕಚ್ಚಿಕೊಂಡು ಕೊನೆಗೆ ದಪ್ಪನೆಯ ಹಾಸಾಗುತ್ತದೆ. ಫೆಲ್ಟು ಎನ್ನುತ್ತಾರೆ. ನಿವೃತ್ತ ಡ್ರಾಯಿಂಗ್ ಮೇಷ್ಟ್ರಾದ ನನ್ನನ್ನು ಅಂಚಿಗೆ ಬಳ್ಳಿ ಬರೆದುಕೊಡಲೆಂದು ಕರೆದಿದ್ದರು. ನಾನು ಅದನ್ನು ಅಧ್ಯಕ್ಷ ಪದವಿ ಎಂದೇ ತಿಳಿದು ಸ್ವೀಕರಿಸಿದೆ.

ಗುಂಪನ್ನು ನಡೆಸುತ್ತಿದ್ದವಳು ಜಯಮ್ಮ. ಉಣ್ಣೆ ತರುತ್ತಿದ್ದವಳು ಕೆಂಪಮ್ಮ — ಮನೆಯ ಹಿಂದೆ ಸ್ವಂತ ಕುರಿಗಳಿದ್ದವು. ಜಯಮ್ಮನ ಮಗಳ ಮದುವೆ ಗೊತ್ತಾದಾಗ, ಹೆಣ್ಣು-ಗಂಡು ಕೂರುವ ಹಸೆಯನ್ನು ಗುಂಪಿನವರೇ ಮಾಡಿಕೊಡುವುದೆಂದು ಮಾತಾಯಿತು. ಅಂಥ ಹಸೆಗೆ ಬದುಕಿರುವ ಕುರಿಯ ಉಣ್ಣೆಯೇ ಆಗಬೇಕು. ಸತ್ತ ಕುರಿಯಿಂದ ಕಿತ್ತದ್ದು ಅಮಂಗಳ. ಕೆಂಪಮ್ಮ ತನ್ನ ಕುರಿಗಳ ಮೈ ತೊಳೆಸಿ, ಹೊಸದಾಗಿ ಕತ್ತರಿಸಿ ತಂದಳು. ಹಸೆಯ ಮೇಲಿನ-ಕೆಳಗಿನ ಪದರ ಕಪ್ಪು, ನಡುವಿನದು ಬಿಳಿ. ನಡುವಿನ ಬಿಳಿಯನ್ನು ಮನೆಯಲ್ಲಿ ಹಿಂಜಿ ತರುವುದು ನನ್ನ ಪಾಲಿಗೆ ಬಂತು.

“ಮೇಷ್ಟ್ರೇ, ಹುಡುಗ್ರ ಕಿವಿ ಹಿಂಡ್ದಂಗಲ್ಲ ಇದು, ನಿಧಾನುಕ್ಕೆ ಹಿಂಜ್ಬೇಕು,” ಎಂದು ಜಯಮ್ಮ ನಗಿಸಿದ್ದಳು.

ನಿಧಾನವೇ ನನಗೆ ಆಗಲಿಲ್ಲ. ಉಣ್ಣೆಯೊಳಗೆ ಮುಳ್ಳು, ಹುಲ್ಲಿನ ಬೀಜ. ಬೆರಳ ತುದಿ ಉರಿಯಿತು. ಅರ್ಧಕ್ಕೆ ಸಾಕಾಯಿತು — ಸಾಕಾಯಿತು ಎಂದು ಒಂದು ಮಾತು ಹೇಳಿದ್ದರೆ ಯಾರಾದರೂ ಬಂದು ಹಂಚಿಕೊಳ್ಳುತ್ತಿದ್ದರು. ಆದರೆ ಅಧ್ಯಕ್ಷರು ಹಾಗೆಲ್ಲ ಹೇಳುವುದುಂಟೆ? ಹಳೆಯ ಫೈಬರ್ ದಿಂಬಿನ ಹೊಟ್ಟೆ ಸೀಳಿದೆ. ಬೆಳ್ಳಗೆ, ಮೆತ್ತಗೆ, ಹಿಂಜಿದ್ದಕ್ಕಿಂತ ಚೆನ್ನಾಗಿ ಕಂಡಿತು. ಒಳಗಿನದ್ದನ್ನು ಯಾರು ನೋಡುತ್ತಾರೆ ಎಂದುಕೊಂಡು ಬೆರೆಸಿದೆ. ಉಳಿದ ಉಣ್ಣೆ ತಿಪ್ಪೆಗೆ ಹೋಯಿತು. ಪ್ಲಾಸ್ಟಿಕ್ಕಿನ ಎಳೆ ಎಷ್ಟು ಉರುಳಿಸಿದರೂ ಉಣ್ಣೆಯನ್ನು ಕಚ್ಚುವುದಿಲ್ಲ ಎಂದು ನನಗೆ ಆಗ ಗೊತ್ತಿರಲಿಲ್ಲ. ಅಷ್ಟು ಮಾತ್ರ ನಿಜ.

ಹಸೆ ಒಣಗಿದ ದಿನ ಎಲ್ಲರೂ ಸೇರಿದ್ದರು. ಜಯಮ್ಮ ಎರಡು ತುದಿ ಹಿಡಿದು ಕೊಡವಿದಳು. ಮೇಲಿನ ಪದರ ಎದ್ದು ಬಂತು. ನಡುವಿನಿಂದ ಬಿಳಿಯದು ಮುದ್ದೆ ಮುದ್ದೆಯಾಗಿ ಸುರಿಯಿತು. ಕಿಟಕಿಯ ಬಿಸಿಲಿಗೆ ಅದು ಮಿಂಚಿತು. ನನಗೆ ನನ್ನ ದಿಂಬಿನ ಗುರುತು ಕೂಡಲೇ ಸಿಕ್ಕಿತು — ಎಷ್ಟೋ ವರ್ಷ ತಲೆಯಿಟ್ಟು ಮಲಗಿದ್ದೇನಲ್ಲ.

“ಇದು ಸತ್ ಕುರಿ ಉಣ್ಣೆ ಕಣಕ್ಕಾ,” ಜಯಮ್ಮ ಒಂದು ಮುದ್ದೆ ಎತ್ತಿ ಕೆಂಪಮ್ಮನ ಮುಂದೆ ಹಿಡಿದಳು. “ನೋಡು ಹೆಂಗ್ ಮಿಂಚ್ತೈತೆ. ಜೀವ ಇಲ್ದಿರೋದು ಹಿಡ್ಕೊಳ್ಳೋದಿಲ್ಲ. ನನ್ ಮಗಳ ಹಸೆಗೆ ಇದನ್ನ ತಂದ್ಯಲ್ಲಾ!”

“ಬಾಯಿಗ್ ಬಂದಂಗೆ ಅನ್ಬೇಡ ಜಯಾ. ನನ್ ಕುರಿ ಎಲ್ಲಾ ದೊಡ್ಡೀಲವೆ, ಬಂದ್ ನೋಡ್ಕೊಂಡ್ ಹೋಗು!” ಕೆಂಪಮ್ಮ ನನ್ನ ಕಡೆ ತಿರುಗಿದಳು. “ಮೇಷ್ಟ್ರೇ, ಹಿಂಜಿದ್ದು ನೀವು. ನಿಮ್ ಕೈಗೆ ಗೊತ್ತಾಗ್ದೇ ಇರ್ತದಾ? ನೀವೇ ಹೇಳಿ.”

ನಾನು ಕನ್ನಡಕ ತೆಗೆದೆ. ಒರೆಸಿದೆ. ಹೇಳಿದೆ —

“ಇದ್ದರೂ ಇರಬಹುದು.”

ಆಕೆ ಸುರಿದಿದ್ದ ಬಿಳಿಯದನ್ನು ಒಂದಿಷ್ಟು ಬೆರಳಲ್ಲಿ ಹಿಡಿದು ನೋಡಿದಳು, ನನ್ನನ್ನು ನೋಡಿದಳು, ಎದ್ದು ಹೋದಳು. ಬೇರೆ ಮನೆಯ ಕಂಬಳಿ ಹಾಸಿ ಮದುವೆ ನಡೆಯಿತು. ಕೆಂಪಮ್ಮ ಊಟಕ್ಕೂ ಬರಲಿಲ್ಲ. ಮತ್ತೆ ಭವನದ ಮೆಟ್ಟಿಲನ್ನೂ ಹತ್ತಲಿಲ್ಲ. ಮುಂದೆ ಜಯಮ್ಮನ ಮಗಳಿಗೆ ನೆಗಡಿಯಾದರೂ ತಪ್ಪನ್ನು ಆ ಹಸೆಯ ಮೇಲೆ ಹಾಕಿದರು. ಹುಡುಗಿ ಅದರ ಮೇಲೆ ಕೂತೇ ಇರಲಿಲ್ಲ ಎಂಬುದು ಯಾರಿಗೂ ಅಡ್ಡಿಯಾಗಲಿಲ್ಲ. ಶುಭಕಾರ್ಯಕ್ಕೆ ಕೆಂಪಮ್ಮನ ಉಣ್ಣೆ ಕೇಳುವವರು ಇಲ್ಲವಾದರು. ಆಕೆ ಕುರಿಗಳನ್ನು ಮಾರಿದಳು ಎಂದು ಕೇಳಿ, ವಯಸ್ಸಾಯಿತಲ್ಲ ಪಾಪ, ಎಂದೆ ನಾನು. ಹಾಗೆ ಎಂದದ್ದನ್ನು ಈಗ ನೆನೆದರೆ —

ಮೊನ್ನೆ ದೊಡ್ಡಬಳ್ಳಾಪುರದ ಬಸ್ಸಿನಲ್ಲಿ ಆಕೆ ನನ್ನ ಮುಂದಿನ ಸೀಟಿನಲ್ಲಿದ್ದಳು. ಟಿಕೆಟನ್ನಾದರೂ ನಾನೇ ತೆಗೆಸೋಣವೆಂದರೆ ಹೆಂಗಸರಿಗೆ ಬಸ್ಸು ಬಿಟ್ಟಿ. ಅಷ್ಟು ಅಗ್ಗದ ಪ್ರಾಯಶ್ಚಿತ್ತಕ್ಕೂ ಸರ್ಕಾರ ನನಗೆ ದಾರಿ ಬಿಡಲಿಲ್ಲ.

ಆಕೆ ತಾನಾಗಿಯೇ ತಿರುಗಿ, ಯಾರಿಗೂ ಕೇಳಿಸದ ಹಾಗೆ ಹೇಳಿದಳು:

“ಮೇಷ್ಟ್ರೇ, ಆವತ್ತು ನಿಮ್ ಮಾತೇ ದಿಟ ಇರ್ಬೇಕು. ಯಾವ್ದೋ ಸತ್ತಿದ್ದರದು ನಂಗೇ ತಿಳೀದಂಗೆ ಸೇರ್ಕೊಂಡಿರ್ಬೇಕು. ಆ ಮಗಿನ್ ಮದುವೇಗೆ ನಾನೇ ಕೇಡ್ ತಂದ್ಬಿಟ್ನಲ್ಲ ಅಂತ ನಿದ್ದೆ ಬರಾಕಿಲ್ಲ.”

ಊರು ಆಕೆಯನ್ನು ನಂಬಲಿಲ್ಲ, ಅದು ಗೊತ್ತಿತ್ತು. ಆಕೆಯೂ ತನ್ನನ್ನು ನಂಬುವುದನ್ನು ಬಿಟ್ಟಿದ್ದಾಳೆ ಎಂಬುದು ಗೊತ್ತಿರಲಿಲ್ಲ. ನನ್ನ ಮಾತನ್ನು ದಿಟ ಮಾಡಲು, ತನ್ನ ಕೈ, ತನ್ನ ಕಣ್ಣು, ತನ್ನ ಕುರಿ — ಎಲ್ಲವನ್ನೂ ಸುಳ್ಳು ಮಾಡಿಕೊಂಡಿದ್ದಾಳೆ. ಆಗಲಾದರೂ ಹೇಳಬೇಕಿತ್ತು. “ಬಿಸಿಲು ಜಾಸ್ತಿಯಾಯ್ತು,” ಎಂದೆ.

ಅದು ಎರಡನೆಯ ತಪ್ಪು. ಮೊದಲನೆಯದಕ್ಕಿಂತ ದೊಡ್ಡದು.

ನಾಳೆ ಬೆಳಿಗ್ಗೆ ಆಕೆಯ ಮನೆಗೆ ಹೋಗಿ ಇದನ್ನು ಹೇಳುತ್ತೇನೆ. ಮಧ್ಯಾಹ್ನ ಗುಂಪಿನಲ್ಲಿ, ಜಯಮ್ಮನ ಎದುರಿಗೇ ಹೇಳುತ್ತೇನೆ. ಗುಟ್ಟಿನಲ್ಲಿ ಕೇಳಿದ ಕ್ಷಮೆಯಿಂದ, ಊರೆದುರು ಹೋದ ಹೆಸರು ತಿರುಗಿ ಬರುವುದಿಲ್ಲ. ಕೆಂಪಮ್ಮ ಬೈದರೆ ನಿಂತು ಕೇಳುತ್ತೇನೆ. ಬೈಯದೆ, “ಹೋಗ್ಲಿ ಬಿಡಿ ಮೇಷ್ಟ್ರೇ, ಕೂತ್ಕೊಳಿ,” ಎಂದುಬಿಟ್ಟರೆ — ಅದಕ್ಕೆ ಮಾತ್ರ ನಾನಿನ್ನೂ ಸಿದ್ಧನಾಗಿಲ್ಲ.